ತಪ್ಪೊಪ್ಪಿಕೊಂಡ ನ್ಯಾಯಾಧೀಶ ಸ್ಯಾಮ್ಯುಯೆಲ್ ಸ್ಯೂವಲ್

ಇಂಗ್ಲೆಂಡಿನ ಹ್ಯಾಂಪ್‌ಷೈರ್ ಪ್ರಾಂತದಲ್ಲಿ 1652ರಲ್ಲಿ ಜನಿಸಿದ ಸ್ಯಾಮ್ಯುಯೆಲ್ ಸ್ಯೂವಲ್ ಅವರು ಒಂಬತ್ತನೆಯ ವಯಸ್ಸಿನಲ್ಲಿ ತಾಯಿಯೊಡನೆ ಸಮುದ್ರ ದಾಟಿ ಅಮೆರಿಕದ ಮ್ಯಾಸಚೂಸೆಟ್ಸ್ ವಸಾಹತಿಗೆ ಬಂದರು. 1671ರಲ್ಲಿ ಹಾರ್ವರ್ಡ್ ಕಾಲೇಜಿನ ಪದವೀಧರರಾದರು. ವಸಾಹತಿನ ಟಂಕಸಾಲೆಯ ಒಡೆಯರಾದ ಜಾನ್ ಹಲ್ ಅವರ ಮಗಳನ್ನು 1676ರಲ್ಲಿ ವರಿಸಿ, ಬಾಸ್ಟನ್ ನಗರದಲ್ಲಿ ವ್ಯಾಪಾರಕ್ಕೂ ಸಾರ್ವಜನಿಕ ಕಾರ್ಯಕ್ಕೂ ತೊಡಗಿದರು. 1683ರಲ್ಲಿ ಶಾಸನಸಭೆಯ ಸದಸ್ಯರಾದರು. ಮುಂದೆ ಗವರ್ನರರ ಮಂತ್ರಾಲೋಚನಾ ಸಭೆಯಲ್ಲಿ ಮೂರು ದಶಕಗಳಿಗೂ ಮಿಕ್ಕಿ ಸೇವೆ ಸಲ್ಲಿಸಿದರು.

1692ರಲ್ಲಿ ಸೇಲಂ ಗ್ರಾಮದ ಕೆಲವು ಬಾಲಕಿಯರು ವಿಚಿತ್ರ ಬಾಧೆಗೊಳಗಾಗಿ, ನೆರೆಯವರು ಮಾಟದಿಂದ ತಮ್ಮನ್ನು ಪೀಡಿಸುತ್ತಿರುವರೆಂದು ದೂರಿದರು. ಗವರ್ನರ್ ಫಿಪ್ಸ್ ನೇಮಿಸಿದ ವಿಶೇಷ ನ್ಯಾಯಪೀಠದ ಒಂಬತ್ತು ಮಂದಿಯಲ್ಲಿ ಸ್ಯೂವಲ್ ಒಬ್ಬರು. ಆರೋಪಿಯ ಛಾಯಾರೂಪವು ಬಂದು ಕಾಡಿತೆಂಬ ಮಾತನ್ನೂ ಆ ಪೀಠ ಸಾಕ್ಷ್ಯವೆಂದು ಅಂಗೀಕರಿಸಿತು. ಹತ್ತೊಂಬತ್ತು ಮಂದಿಯನ್ನು ಗಲ್ಲಿಗೇರಿಸಲಾಯಿತು. ವಿಚಾರಣೆಗೆ ಒಪ್ಪದ ವೃದ್ಧ ಜೈಲ್ಸ್ ಕೋರಿ ಕಲ್ಲುಗಳ ಭಾರದಡಿ ಪ್ರಾಣಬಿಟ್ಟ. ನ್ಯಾಯಾಧೀಶ ಸಾಲ್ಟನ್‌ಸ್ಟಾಲ್ ಅತೃಪ್ತರಾಗಿ ಪೀಠವನ್ನು ತ್ಯಜಿಸಿದ್ದರು. ಸ್ಯೂವಲ್ ತ್ಯಜಿಸಲಿಲ್ಲ.

1696ರಲ್ಲಿ ಅವರ ಮನೆಯಲ್ಲಿ ಒಂದು ಶಿಶು ಸತ್ತು ಹುಟ್ಟಿತು. ವರ್ಷಾಂತ್ಯದಲ್ಲಿ ಎರಡು ವರ್ಷದ ಮಗಳು ಸಾರಾ ತೀರಿಕೊಂಡಳು. ದೈವದ ಕೋಪ ತಮ್ಮ ಮೇಲಿದೆಯೆಂದು ಅವರು ನಂಬಿದರು. 1697ರ ಜನವರಿ 14ರಂದು ವಸಾಹತೆಲ್ಲ ಉಪವಾಸವಿದ್ದ ದಿನ, ತಮ್ಮ ಚರ್ಚಿನ ಉಪದೇಶಕ ವಿಲ್ಲರ್ಡ್ ಅವರ ಕೈಗೆ ಒಂದು ಪತ್ರವನ್ನಿತ್ತರು. ಸೇಲಂ ತೀರ್ಪುಗಳ ದೋಷವನ್ನೂ ಅವಮಾನವನ್ನೂ ತಮ್ಮ ಮೇಲೆ ಹೊತ್ತು, ದೇವರಲ್ಲಿಯೂ ಜನರಲ್ಲಿಯೂ ಕ್ಷಮೆ ಬೇಡಿದ ಆ ಪತ್ರ ಓದಿ ಮುಗಿಯುವವರೆಗೆ ಸಭೆಯ ನಡುವೆ ಎದ್ದು ನಿಂತಿದ್ದರು. ಬಳಿಕ ತಲೆಬಾಗಿ ಕುಳಿತರು. ಆಗ ಅವರು ನಿವೃತ್ತರಲ್ಲ, ವಸಾಹತಿನ ಉಚ್ಚ ನ್ಯಾಯಾಲಯದ ಪೀಠದಲ್ಲಿದ್ದವರು! ಆ ವಿಶೇಷ ಪೀಠದ ಮುಖ್ಯಸ್ಥ ಸ್ಟೌಟನ್ ಅವರಿಂದ ಅಂತಹ ಮಾತು ಎಂದೂ ಹೊರಡಲಿಲ್ಲ.

ಅನಂತರ ಅವರ ದೃಷ್ಟಿ ಗುಲಾಮರತ್ತ ಹೊರಳಿತು. 1700ರಲ್ಲಿ ಅವರು ಪ್ರಕಟಿಸಿದ ಕಿರುಹೊತ್ತಗೆ, ಗುಲಾಮಗಿರಿಯನ್ನು ಖಂಡಿಸಿ ನ್ಯೂ ಇಂಗ್ಲೆಂಡಿನಲ್ಲಿ ಅಚ್ಚಾದ ಮೊದಲ ಬರಹ. ಆಡಂ ಎಂಬ ಗುಲಾಮನಿಗೆ ವಾಗ್ದಾನವಿತ್ತ ಬಿಡುಗಡೆಯನ್ನು ನಿರಾಕರಿಸಿದ್ದ ವ್ಯಾಪಾರಿ ಜಾನ್ ಸ್ಯಾಫಿನ್, ಸ್ವತಃ ನ್ಯಾಯಾಧೀಶನಾಗಿದ್ದವನು, ಮರುವರ್ಷವೇ ಪ್ರತ್ಯುತ್ತರ ಅಚ್ಚು ಹಾಕಿಸಿದ. ವ್ಯಾಜ್ಯ ಬೆಳೆದು, 1703ರಲ್ಲಿ ಆಡಂ ಸ್ವತಂತ್ರನಾದ. ಆದರೆ 1716ರಲ್ಲಿ, ತೆರಿಗೆಯ ಪಟ್ಟಿಯಲ್ಲಿ ಇಂಡಿಯನ್ನರನ್ನೂ ನೀಗ್ರೋಗಳನ್ನೂ ಕುದುರೆ ಹಂದಿಗಳ ಸಾಲಿನಲ್ಲಿ ಎಣಿಸಬಾರದೆಂದು ಸ್ಯೂವಲ್ ಮಾಡಿದ ಯತ್ನ ಫಲಿಸಲಿಲ್ಲ.

1718ರಿಂದ 1728ರವರೆಗೆ ಮುಖ್ಯ ನ್ಯಾಯಾಧೀಶರಾಗಿದ್ದ ಅವರು 1730ರ ಜನವರಿ 1ರಂದು ನಿಧನರಾದರು. 1674ರಿಂದ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಬರೆದ ಅವರ ದಿನಚರಿಯಲ್ಲಿ ಮಕ್ಕಳ ಸಾವುಗಳಿವೆ, ಕೃತಕ ಕೂದಲಿನ ಟೊಪ್ಪಿಗೆಯ ಬಗೆಗಿನ ಅಸಹನೆಯಿದೆ, 1697ರ ಆ ಪತ್ರದ ನಕಲೂ ಇದೆ.