ಗೆಳೆತನ ಗೊತ್ತಿಲ್ಲದ ಖಳರು

ದಿ ಲಾರ್ಡ್ ಆಫ್ ದಿ ರಿಂಗ್ಸ್ ಸಿನಿಮಾ ನೋಡಿದಾಗ ನನಗೆ ಹಿಡಿಸಿದ್ದು ಯುದ್ಧದ ದೃಶ್ಯಗಳು. ಈ ಸಲದ ಸೆಮಿಸ್ಟರ್ ರಜೆಯಲ್ಲಿ ಪುಸ್ತಕ ಓದಿದಾಗ ಕಣ್ಣಿಗೆ ಬಿದ್ದಿದ್ದೇ ಬೇರೆ. ಅಲ್ಲಿನ ಖಳರು ಒಟ್ಟಿಗೆ ಇರುತ್ತಾರೆ, ಆದರೆ ಒಬ್ಬರನ್ನೊಬ್ಬರು ನಂಬುವುದಿಲ್ಲ. ಬರೆದ ಜೆ.ಆರ್.ಆರ್. ಟೋಲ್ಕಿನ್ ಬದುಕು ಓದಿದ ಮೇಲೆ ಅದು ಸುಮ್ಮನೆ ಬಂದಿದ್ದಲ್ಲ ಅನ್ನಿಸಿತು.

ಟೋಲ್ಕಿನ್ ಹುಟ್ಟಿದ್ದು 1892ರಲ್ಲಿ, ಇಂದಿನ ದಕ್ಷಿಣ ಆಫ್ರಿಕಾದಲ್ಲಿ. ನಾಲ್ಕನೇ ವಯಸ್ಸಿಗೆ ಅಪ್ಪ ಇಲ್ಲ, ಹನ್ನೆರಡಕ್ಕೆ ಅಮ್ಮನೂ ಇಲ್ಲ. ಮುಂದೆ ಪಾದ್ರಿಯೊಬ್ಬರು ಪೋಷಕರಾದರು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಶಾಲೆಯಲ್ಲಿ ಜತೆಯಾದ ಮೂವರು ಗೆಳೆಯರೇ ದೊಡ್ಡ ಬಳಗ. ಟೀ ಕುಡಿಯುವುದು, ಸಾಹಿತ್ಯ ಮಾತಾಡುವುದು, ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದುವುದು. 1916ರಲ್ಲಿ ನಾಲ್ವರೂ ಮೊದಲ ಮಹಾಯುದ್ಧದಲ್ಲಿದ್ದರು. ಸೊಮ್ ಕದನದ ಮೊದಲ ದಿನವೇ ಒಬ್ಬ ಸತ್ತ, ಡಿಸೆಂಬರ್‌ನಲ್ಲಿ ಇನ್ನೊಬ್ಬ. ಸಿಗ್ನಲ್ ಆಫೀಸರ್ ಆಗಿದ್ದ ಟೋಲ್ಕಿನ್ ಹೇನಿನಿಂದ ಬರುವ ಟ್ರೆಂಚ್ ಜ್ವರ ಹತ್ತಿ ಊರಿಗೆ ಮರಳಿದ್ದರಿಂದ ಬದುಕಿಕೊಂಡ ಎನ್ನಬಹುದು.

1925ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಪ್ರೊಫೆಸರ್. 1937ರಲ್ಲಿ ದಿ ಹಾಬಿಟ್ ಬಂತು. ಅದೇ ಡಿಸೆಂಬರ್‌ನಲ್ಲಿ ಶುರುವಾದ ದೊಡ್ಡ ಕಾದಂಬರಿ ಅಚ್ಚಾಗಿದ್ದು 1954-55ರಲ್ಲಿ.

ಅದರಲ್ಲಿ ಸಾರುಮಾನ್ ಎಂಬ ಮಾಂತ್ರಿಕ ಮಹಾಖಳ ಸೌರಾನ್‌ನ ಪಾಳಯ ಸೇರಿದಂತೆ ನಟಿಸುತ್ತಾನೆ. ಒಳಗೊಳಗೇ ಉಂಗುರ ತನಗೇ ಬೇಕು! ಸೆರೆಸಿಕ್ಕ ಇಬ್ಬರು ಹಾಬಿಟ್‌ಗಳನ್ನು ಯಾರ ಒಡೆಯನ ಹತ್ತಿರ ಒಯ್ಯಬೇಕು ಅಂತ ಇಬ್ಬರ ಕಡೆಯ ಓರ್ಕ್ ಸೈನಿಕರೂ ಕತ್ತಿ ಹಿರಿಯುತ್ತಾರೆ. ಆ ಜಗಳದಲ್ಲಿ ಸತ್ತ ಓರ್ಕ್‌ನ ಚಾಕುವಿಗೇ ಉಜ್ಜಿ ಒಬ್ಬ ಹಾಬಿಟ್ ಕೈಕಟ್ಟು ಕತ್ತರಿಸಿಕೊಳ್ಳುತ್ತಾನೆ. ರಿಪೋರ್ಟ್‌ನಲ್ಲಿ ಯಾರ ಹೆಸರು ಮೊದಲು ಅಂತ ಕಿತ್ತಾಡಿ ಡೆಮೊ ಹಾಳುಮಾಡಿಕೊಂಡ ಪ್ರಾಜೆಕ್ಟ್ ತಂಡವೊಂದು (ನಮ್ಮದೇ!) ನನಗೆ ನೆನಪಾಯಿತು.

ಇನ್ನೊಂದು ಕಡೆ ಶಾಗ್ರಾಟ್, ಗೋರ್ಬಾಗ್ ಎಂಬ ಓರ್ಕ್ ನಾಯಕರಿದ್ದಾರೆ. ಯುದ್ಧ ಮುಗಿದ ಮೇಲೆ ಈ ದೊಡ್ಡ ಬಾಸ್‌ಗಳ ಕಾಟವಿಲ್ಲದ ಕಡೆ ಹೋಗಿ ಬದುಕೋಣ ಅಂತ ಮಾತಾಡಿಕೊಳ್ಳುತ್ತಾರೆ. ಓದುತ್ತಾ ಅಯ್ಯೋ ಪಾಪ ಅನ್ನಿಸಿತು. ಸ್ವಲ್ಪ ಹೊತ್ತಿಗೇ ಒಂದು ಬೆಳ್ಳಿಯಂಗಿಯ ಆಸೆಗೆ ಇಬ್ಬರ ಪಡೆಗಳೂ ಹೊಡೆದಾಡಿ ಸಾಯುತ್ತವೆ. ಗೆಳೆಯನನ್ನು ಬಿಡಿಸಲು ಒಬ್ಬನೇ ಬಂದ ತೋಟದ ಮಾಲಿ ಸ್ಯಾಮ್‌ಗೆ ಕೋಟೆಯೊಳಗೆ ಎದುರಾಗುವುದು ಹೆಚ್ಚಾಗಿ ಹೆಣಗಳ ರಾಶಿ.

ಆ ಓರ್ಕ್‌ಗಳ ಮಾತುಕತೆಯ ಅಧ್ಯಾಯವನ್ನು ಟೋಲ್ಕಿನ್ 1944ರಲ್ಲಿ ಮಗನಿಗೆ ಅಂಚೆಯಲ್ಲಿ ಕಳಿಸಿದ. ಇನ್ನೊಂದು ಮಹಾಯುದ್ಧ ನಡೆದಿತ್ತು, ಮಗ ವಾಯುಪಡೆಯಲ್ಲಿದ್ದ. ಅವನ ಹೆಸರು ಕ್ರಿಸ್ಟೋಫರ್. ಆ ನಾಲ್ವರಲ್ಲಿ ಟೋಲ್ಕಿನ್ ಜತೆ ಬದುಕುಳಿದ ಗೆಳೆಯನ ಹೆಸರೂ ಅದೇ. 1973ರಲ್ಲಿ ಟೋಲ್ಕಿನ್ ತೀರಿಕೊಂಡ ಮೇಲೆ ಉಳಿದ ಹಸ್ತಪ್ರತಿಗಳನ್ನು ಜೋಡಿಸಿ ಪ್ರಕಟಿಸಿದ್ದು ಆ ಮಗನೇ.