ಸತ್ಯಾನ್ವೇಷಣೆಯ ಎರಡು ನೆಲೆಗಳು: ಶರದಿಂದು ಬಂದ್ಯೋಪಾಧ್ಯಾಯರ ಬದುಕು ಮತ್ತು ಬರಹ

1993ರಲ್ಲಿ ದೂರದರ್ಶನವು 'ಬ್ಯೋಮಕೇಶ ಬಕ್ಷಿ' ಎಂಬ ಹಿಂದಿ ಧಾರಾವಾಹಿಯನ್ನು ಪ್ರಸಾರ ಮಾಡಿತು. ಬಾಸು ಚಟರ್ಜಿ ನಿರ್ದೇಶಿಸಿದ ಈ ಧಾರಾವಾಹಿಯ ಎರಡನೆಯ ಕಂತುಮಾಲೆ 1997ರಲ್ಲಿ ಬಂದಿತು. ಬಂಗಾಳಿಯ ಒಂದಕ್ಷರವನ್ನೂ ಓದಲಾರದ ಲಕ್ಷಾಂತರ ಪ್ರೇಕ್ಷಕರು ಧೋತಿ ಉಟ್ಟ, ಮೃದುಭಾಷಿಯಾದ ಕಲ್ಕತ್ತೆಯ ಪತ್ತೇದಾರನೊಬ್ಬನನ್ನು ಪರಿಚಯಿಸಿಕೊಂಡದ್ದು ಇದರ ಮೂಲಕ. ಆ ಪಾತ್ರವನ್ನು ಸೃಷ್ಟಿಸಿದ ಶರದಿಂದು ಬಂದ್ಯೋಪಾಧ್ಯಾಯರು ತೀರಿಕೊಂಡು ಆಗಲೇ ಇಪ್ಪತ್ತಮೂರು ವರ್ಷಗಳಾಗಿದ್ದವು. ವಿಜಯನಗರವನ್ನು ಕುರಿತ 'ತುಂಗಭದ್ರಾರ್ ತೀರೇ' ಎಂಬ ಐತಿಹಾಸಿಕ ಕಾದಂಬರಿಗೆ 1967ರಲ್ಲಿ ಪಶ್ಚಿಮ ಬಂಗಾಳದ ರವೀಂದ್ರ ಪುರಸ್ಕಾರವನ್ನು ಪಡೆದ ಲೇಖಕರೂ ಇವರೇ. ಒಂದು ಕೀರ್ತಿ ಓದುಗರು ಮತ್ತು ಪ್ರೇಕ್ಷಕರಿಂದ ಬಂದುದು. ಇನ್ನೊಂದು ಸಾಹಿತ್ಯ ಸಂಸ್ಥೆಗಳ ಮನ್ನಣೆಯಿಂದ ಬಂದುದು. ಪತ್ತೇದಾರಿ ಕಥೆಗಳನ್ನು ರಂಜನೆಯ ಸಾಲಿಗೂ ಐತಿಹಾಸಿಕ ಕಾದಂಬರಿಗಳನ್ನು ಸಾಹಿತ್ಯದ ಸಾಲಿಗೂ ಸೇರಿಸುವ ರೂಢಿಯಿಂದಾಗಿ ಈ ಎರಡನ್ನೂ ಒಟ್ಟಿಗೆ ಓದುವ ಪ್ರಯತ್ನಗಳು ಕಡಿಮೆ. ಶರದಿಂದು ಅವರ ಬದುಕನ್ನು ಕ್ರಮವಾಗಿ ಅವಲೋಕಿಸಿದಾಗ ಈ ವಿಂಗಡಣೆ ಅವರ ಬರವಣಿಗೆಗೆ ಹೊಂದುವುದಿಲ್ಲ ಎಂಬುದು ಸ್ಪಷ್ಟವಾಗುತ್ತದೆ.

ಶರದಿಂದು ಅವರು ಹುಟ್ಟಿದ್ದು 1899ರ ಮಾರ್ಚ್ 30ರಂದು, ಇಂದಿನ ಉತ್ತರ ಪ್ರದೇಶದ ಜೌನ್‌ಪುರದಲ್ಲಿದ್ದ ತಾಯಿಯ ತವರಿನಲ್ಲಿ. ತಂದೆ ತಾರಾಭೂಷಣರು ಬಿಹಾರದ ಮುಂಗೇರ್‌ನಲ್ಲಿ ವಕೀಲರಾಗಿದ್ದರು. ಬಾಲ್ಯ ಮತ್ತು ಶಾಲಾ ಶಿಕ್ಷಣ ಅಲ್ಲಿಯೇ ನಡೆಯಿತು. ಕಾಲೇಜು ವ್ಯಾಸಂಗಕ್ಕಾಗಿ ಕಲ್ಕತ್ತೆಗೆ ಬಂದ ಅವರು ವಿದ್ಯಾಸಾಗರ ಕಾಲೇಜನ್ನು ಸೇರಿದರು. ಊರು ಬಿಟ್ಟು ಬಂದ ವಿದ್ಯಾರ್ಥಿಗಳೂ ಒಂಟಿ ನೌಕರರೂ ಒಂದೇ ಮನೆಯಲ್ಲಿ ಕೋಣೆ ಹಿಡಿದು ಒಟ್ಟಿಗೆ ಉಣ್ಣುವ 'ಮೆಸ್' ಆ ಕಾಲದ ಕಲ್ಕತ್ತೆಯ ಒಂದು ವಿಶಿಷ್ಟ ವ್ಯವಸ್ಥೆಯಾಗಿತ್ತು. ಒಂದೇ ಸೂರಿನಡಿ ಬದುಕಿಯೂ ಒಬ್ಬರ ಹಿನ್ನೆಲೆ ಇನ್ನೊಬ್ಬರಿಗೆ ತಿಳಿಯದ ಈ ಜಾಗವೇ ಮುಂದೆ ಬ್ಯೋಮಕೇಶನ ಮೊದಲ ರಂಗಭೂಮಿಯಾಯಿತು. 1919ರಲ್ಲಿ, ಇಪ್ಪತ್ತರ ವಯಸ್ಸಿನಲ್ಲಿ, ಅವರ ಮೊದಲ ಕೃತಿ ಪ್ರಕಟವಾಯಿತು, ಅದು ಕವನಸಂಕಲನ. ಅನಂತರ ಪಾಟ್ನಾದಲ್ಲಿ ಕಾನೂನು ಓದಿ, ತಂದೆಯ ವೃತ್ತಿಯನ್ನೇ ಹಿಡಿದರು. ಆದರೆ 1929ರಲ್ಲಿ ವಕೀಲಿಕೆಯನ್ನು ತೊರೆದು ಬರವಣಿಗೆಯನ್ನೇ ಪೂರ್ಣಕಾಲದ ಕಸುಬನ್ನಾಗಿ ಆರಿಸಿಕೊಂಡರು. ನ್ಯಾಯಾಲಯವನ್ನು ಬಿಟ್ಟರೂ ಅಲ್ಲಿ ಕಂಡ ಉಯಿಲು, ದತ್ತಕ, ಪಾಲು, ಸಾಕ್ಷ್ಯಗಳ ಲೋಕ ಅವರನ್ನು ಬಿಡಲಿಲ್ಲ. ಬ್ಯೋಮಕೇಶನ ಕಥೆಗಳಲ್ಲಿ ಕೊಲೆಯ ಹಿಂದೆ ಪದೇ ಪದೇ ಕಾಣಿಸಿಕೊಳ್ಳುವುದು ಆಸ್ತಿಯ ಪ್ರಶ್ನೆಯೇ.

ಬಂಗಾಳಿಗೆ ಪತ್ತೇದಾರಿ ಸಾಹಿತ್ಯ ಆಗ ಹೊಸತಾಗಿರಲಿಲ್ಲ. 1892ರಿಂದ ಪ್ರಕಟವಾಗತೊಡಗಿದ ಪ್ರಿಯನಾಥ ಮುಖೋಪಾಧ್ಯಾಯರ 'ದಾರೋಗಾರ್ ದಫ್ತರ್' ಮಾಲೆ ಪೊಲೀಸ್ ಅಧಿಕಾರಿಯೊಬ್ಬರ ಅನುಭವಗಳನ್ನು ಕಥನವಾಗಿಸಿತ್ತು. ಪಾಂಚಕಡಿ ದೇ ಮತ್ತು ದೀನೇಂದ್ರಕುಮಾರ ರಾಯ್ ಅವರು ಇಂಗ್ಲಿಷ್ ಮಾದರಿಗಳನ್ನು ರೂಪಾಂತರಿಸಿ ದೊಡ್ಡ ಓದುಗವರ್ಗವನ್ನು ಕಟ್ಟಿದ್ದರು. ಆದರೆ ಶಿಷ್ಟ ಸಾಹಿತ್ಯವಲಯ ಈ ಪ್ರಕಾರವನ್ನು ಹೊಸ್ತಿಲಿನ ಹೊರಗೇ ನಿಲ್ಲಿಸಿತ್ತು. ಈ ಹಿನ್ನೆಲೆಯಲ್ಲಿ 1932ರಲ್ಲಿ ಶರದಿಂದು ಅವರು 'ಪಥೇರ್ ಕಾಂಟಾ' ಮತ್ತು 'ಸೀಮಂತ-ಹೀರಾ' ಎಂಬ ಎರಡು ಕಥೆಗಳನ್ನು ಬರೆದರು. ಇವನ್ನು ಬರೆದ ಮೇಲೆ ಬ್ಯೋಮಕೇಶನನ್ನು ಕುರಿತು ಒಂದು ಸರಣಿಯನ್ನೇ ಬೆಳೆಸುವ ಯೋಚನೆ ಮೂಡಿ, ನಾಯಕನನ್ನು ಪರಿಚಯಿಸುವ 'ಸತ್ಯಾನ್ವೇಷಿ'ಯನ್ನು ರಚಿಸಿದರು. ಬರವಣಿಗೆಯ ಕ್ರಮದಲ್ಲಿ ಮೂರನೆಯದಾದ ಈ ಕಥೆ ಸರಣಿಯ ಕಾಲಕ್ರಮದಲ್ಲಿ ಮೊದಲನೆಯದು.

'ಸತ್ಯಾನ್ವೇಷಿ' ಎಂಬ ಪದದ ಆಯ್ಕೆ ಗಮನಾರ್ಹವಾದುದು. ಡಿಟೆಕ್ಟಿವ್ ಎಂಬ ಇಂಗ್ಲಿಷ್ ಪದವನ್ನೂ ಗೋಯೆಂದಾ ಎಂಬ ರೂಢಿಯ ಪದವನ್ನೂ ಬ್ಯೋಮಕೇಶ ಒಪ್ಪುವುದಿಲ್ಲ. ಇದು ಕೇವಲ ಹೆಸರಿನ ಬದಲಾವಣೆಯಲ್ಲ. ಪತ್ತೇದಾರನ ಕೆಲಸ ಅಪರಾಧಿಯನ್ನು ಹಿಡಿದುಕೊಟ್ಟಲ್ಲಿಗೆ ಮುಗಿಯುತ್ತದೆ. ಸತ್ಯಾನ್ವೇಷಿಯ ಕೆಲಸ ನಡೆದುದೇನು ಎಂಬುದನ್ನು ಅರಿಯುವುದು. ಅರಿತ ಸತ್ಯವನ್ನು ಕಾನೂನಿನ ಕೈಗೆ ಒಪ್ಪಿಸಬೇಕೇ ಬೇಡವೇ ಎಂಬುದು ಅಲ್ಲಿ ಬೇರೆಯದೇ ಪ್ರಶ್ನೆಯಾಗಿ ಉಳಿಯುತ್ತದೆ. ಮುಂದೆ ಬರೆದ 'ಆದಿಮ ರಿಪು' ಕಥೆಯಲ್ಲಿ ಬ್ಯೋಮಕೇಶನ ಪೂರ್ವವೃತ್ತಾಂತ ದೊರೆಯುತ್ತದೆ. ಅವನ ತಂದೆ ಶಾಲೆಯಲ್ಲಿ ಗಣಿತ ಕಲಿಸುತ್ತ ಮನೆಯಲ್ಲಿ ಸಾಂಖ್ಯದರ್ಶನವನ್ನು ಅಭ್ಯಸಿಸುತ್ತಿದ್ದವರು. ತಾಯಿ ವೈಷ್ಣವ ಮನೆತನದವರು. ತರ್ಕ ಮತ್ತು ಕರುಣೆಗಳೆರಡೂ ನಾಯಕನಿಗೆ ಹುಟ್ಟಿನಿಂದಲೇ ಬಂದಿವೆ ಎಂಬಂತೆ ಈ ವಿವರ ಹೆಣೆದುಕೊಂಡಿದೆ.

ಕಥನದ ಚೌಕಟ್ಟಿನಲ್ಲಿ ಕಾನನ್ ಡಾಯ್ಲ್‌ರ ಪ್ರಭಾವ ಎದ್ದುಕಾಣುವಂಥದು. ಷೆರ್ಲಾಕ್ ಹೋಮ್ಸ್‌ಗೆ ವಾಟ್ಸನ್ ಇದ್ದಂತೆ ಬ್ಯೋಮಕೇಶನಿಗೆ ಲೇಖಕ ಮಿತ್ರ ಅಜಿತನಿದ್ದಾನೆ. ಆದರೆ ಸಾಮ್ಯ ಇಲ್ಲಿಗೆ ನಿಲ್ಲುತ್ತದೆ. 'ಅರ್ಥಮನರ್ಥಂ' ಕಥೆಯಲ್ಲಿ ಕೊಲೆಯ ಆರೋಪ ಹೊತ್ತವನ ತಂಗಿಯಾಗಿ ಬರುವ ಸತ್ಯವತಿಯನ್ನು ಬ್ಯೋಮಕೇಶ ಮುಂದೆ ಮದುವೆಯಾಗುತ್ತಾನೆ. ಅವನಿಗೆ ಮಗ ಹುಟ್ಟುತ್ತಾನೆ, ವಯಸ್ಸಾಗುತ್ತದೆ, ಹ್ಯಾರಿಸನ್ ರಸ್ತೆಯ ಬಾಡಿಗೆಯ ವಾಸದಿಂದ ಸ್ವಂತ ಮನೆಯ ಕನಸಿನತ್ತ ಅವನ ಸಂಸಾರ ಸರಿಯುತ್ತದೆ. ಮನೆಯಾಳು ಪುಂಟಿರಾಮ ತಂದಿಡುವ ಚಹಾ, ಬೆಳಗಿನ ವೃತ್ತಪತ್ರಿಕೆ, ಗಂಡಹೆಂಡಿರ ಹುಸಿಮುನಿಸು ಇವುಗಳ ನಡುವೆಯೇ ಕೊಲೆಯ ಸುದ್ದಿ ಒಳಬರುತ್ತದೆ. ಹೋಮ್ಸ್ ಸಮಾಜದ ಅಂಚಿನಲ್ಲಿ ನಿಂತು ನೋಡುವ ಏಕಾಂಗಿ. ಬ್ಯೋಮಕೇಶ ಸಮಾಜದ ಒಳಗಿರುವ ಗೃಹಸ್ಥ. ಈ ಕಥೆಗಳನ್ನು ಸಾಮಾಜಿಕ ಕಾದಂಬರಿಗಳಾಗಿಯೂ ಓದಬಹುದೆಂಬುದು ಶರದಿಂದು ಅವರ ಸ್ವಂತ ನಿಲುವಾಗಿತ್ತು.

ಮೊದಲ ಹತ್ತು ಕಥೆಗಳು 1936ರ ಹೊತ್ತಿಗೆ ಮುಗಿದವು. ಆ ಬಳಿಕ ಸುಮಾರು ಹದಿನೈದು ವರ್ಷ ಬ್ಯೋಮಕೇಶ ಮೌನಿಯಾದ. 1938ರಲ್ಲಿ ಹಿಮಾಂಶು ರಾಯ್ ಅವರ ಆಹ್ವಾನದ ಮೇರೆಗೆ ಶರದಿಂದು ಅವರು ಮುಂಬಯಿಯ ಬಾಂಬೆ ಟಾಕೀಸ್ ಸಂಸ್ಥೆಗೆ ಚಿತ್ರಕಥಾ ಲೇಖಕರಾಗಿ ಸೇರಿದರು. ಅದೇ ವರ್ಷ ಅವರ 'ಬಿಷೇರ್ ಧೋಂಯಾ' ಕಾದಂಬರಿಯನ್ನು ಆಧರಿಸಿ ಫ್ರಾಂಜ್ ಆಸ್ಟೆನ್ ನಿರ್ದೇಶನದಲ್ಲಿ 'ಭಾಭಿ' ಚಿತ್ರ ತೆರೆಕಂಡಿತು. 1940ರಲ್ಲಿ ಹಿಮಾಂಶು ರಾಯ್ ತೀರಿಕೊಂಡ ಬಳಿಕವೂ ಅವರು ಚಿತ್ರರಂಗದಲ್ಲಿ ಮುಂದುವರಿದರು. ಜೀವನೋಪಾಯದ ದೃಷ್ಟಿಯಿಂದ ಈ ಅವಧಿ ಭದ್ರವಾದುದು. ಆದರೆ ಚಿತ್ರಕಥೆ ಹಲವರ ಕೈಗಳಲ್ಲಿ ರೂಪುಗೊಳ್ಳುವ ಬರಹ. ತನ್ನದೇ ಮಾತಿನ ಮೇಲೆ ಪೂರ್ಣ ಅಧಿಕಾರ ಬಯಸುವ ಲೇಖಕನಿಗೆ ಅಲ್ಲಿ ಜಾಗ ಕಿರಿದು. 1952ರಲ್ಲಿ ಅವರು ಚಿತ್ರರಂಗವನ್ನು ಬಿಟ್ಟು ಪುಣೆಯಲ್ಲಿ ನೆಲೆಸಿದರು. ವಕೀಲಿಕೆಯ ಬಳಿಕ ಇದು ಬರವಣಿಗೆಗಾಗಿ ಅವರು ತೊರೆದ ಎರಡನೆಯ ವೃತ್ತಿ. ಮುಂಗೇರ್, ಮುಂಬಯಿ, ಪುಣೆಗಳಲ್ಲಿ ಬಾಳಿನ ಬಹುಭಾಗವನ್ನು ಕಳೆದ ಈ ಪ್ರವಾಸಿ ಬಂಗಾಳಿ ಲೇಖಕರು ಕಲ್ಕತ್ತೆಯನ್ನು ಅಷ್ಟು ನಿಖರವಾಗಿ ಚಿತ್ರಿಸಿದ್ದು ಬಹುಮಟ್ಟಿಗೆ ದೂರದಿಂದಲೇ.

1951ರಲ್ಲಿ 'ಚಿತ್ರಚೋರ'ದ ಮೂಲಕ ಬ್ಯೋಮಕೇಶ ಮರಳಿದ. ಮರಳಿದ ಬ್ಯೋಮಕೇಶನ ಸುತ್ತಲಿನ ಲೋಕ ಬದಲಾಗಿತ್ತು. ಮೊದಲ ಘಟ್ಟದ 'ಪಥೇರ್ ಕಾಂಟಾ'ದಲ್ಲಿ ಗ್ರಾಮಫೋನ್ ಪಿನ್ನಿನಿಂದ ನಡೆಯುವ ಕೊಲೆಗಳ ತಂತ್ರಚಮತ್ಕಾರವೇ ಮುಖ್ಯವಾಗಿತ್ತು. ಎರಡನೆಯ ಘಟ್ಟದಲ್ಲಿ ಒತ್ತು ಮನುಷ್ಯರ ಮೇಲೆ ಬೀಳುತ್ತದೆ. 1953ರ 'ಚಿಡಿಯಾಖಾನಾ' ಕಾದಂಬರಿಯಲ್ಲಿ ನಿವೃತ್ತ ನ್ಯಾಯಾಧೀಶರೊಬ್ಬರು ಸಮಾಜದಿಂದ ಹೊರದೂಡಲ್ಪಟ್ಟವರಿಗಾಗಿ ಕಟ್ಟಿದ ಹೂದೋಟದ ವಸಾಹತೇ ಅಪರಾಧದ ನೆಲೆ. 1955ರ 'ಆದಿಮ ರಿಪು'ವಿನ ಹಿನ್ನೆಲೆಯಲ್ಲಿ 1946ರ ಕೋಮುಗಲಭೆ, ಯುದ್ಧಕಾಲದ ಕಾಳಸಂತೆಯ ಹಣ ಮತ್ತು ಹೊಸ್ತಿಲಲ್ಲಿ ನಿಂತ ಸ್ವಾತಂತ್ರ್ಯ ಇವೆ. ಸತ್ಯವನ್ನು ಅರಿತೂ ಅಪರಾಧಿಯನ್ನು ಕಾನೂನಿಗೆ ಒಪ್ಪಿಸದಿರುವ ನಿರ್ಧಾರವನ್ನು ಬ್ಯೋಮಕೇಶ ಇಲ್ಲಿ ಕೈಗೊಳ್ಳುತ್ತಾನೆ. ಸತ್ಯ ಮತ್ತು ದಂಡನೆ ಒಂದೇ ಅಲ್ಲ ಎಂಬ ತಿಳಿವಳಿಕೆ ಇಲ್ಲಿ ಕಥೆಯ ತಿರುಳೇ ಆಗಿದೆ.

ಇದೇ ಕಾಲದಲ್ಲಿ ಶರದಿಂದು ಅವರ ಐತಿಹಾಸಿಕ ಕಾದಂಬರಿಗಳೂ ಬೆಳೆದವು. 'ಕಾಲೇರ್ ಮಂದಿರಾ' ಸ್ಕಂದಗುಪ್ತನ ಕಾಲಕ್ಕೆ ಹೋದರೆ, 'ಗೌಡಮಲ್ಲಾರ' ಶಶಾಂಕನ ಅನಂತರದ ಗೌಡದೇಶವನ್ನು, 'ತುಮಿ ಸಂಧ್ಯಾರ್ ಮೇಘ್' ಹನ್ನೊಂದನೆಯ ಶತಮಾನದ ರಾಜ್ಯಗಳ ಒಳಜಗಳವನ್ನು ಆರಿಸಿಕೊಂಡವು. 1965ರ 'ತುಂಗಭದ್ರಾರ್ ತೀರೇ' ಕನ್ನಡದ ಅಧ್ಯಯನಕಾರರಿಗೆ ವಿಶೇಷವಾಗಿ ಮುಖ್ಯವಾದುದು. ರಾಬರ್ಟ್ ಸೆವೆಲ್ 1900ರಲ್ಲಿ ಪ್ರಕಟಿಸಿದ ವಿಜಯನಗರದ ಇತಿಹಾಸವೂ ಅದಕ್ಕೆ ಆಧಾರವಾದ ವಿದೇಶೀ ಪ್ರವಾಸಿಗರ ವರದಿಗಳೂ ಈ ಕಾದಂಬರಿಯ ಮೂಲಸಾಮಗ್ರಿ. ಇಮ್ಮಡಿ ದೇವರಾಯನನ್ನು ವರಿಸಲು ಕಳಿಂಗದ ರಾಜಕುಮಾರಿ ನೌಕೆಗಳಲ್ಲಿ ಕೃಷ್ಣೆಯನ್ನು ಹಾದು ತುಂಗಭದ್ರೆಗೆ ಬರುತ್ತಾಳೆ. ಗುಲ್ಬರ್ಗದಿಂದ ತಪ್ಪಿಸಿಕೊಂಡು ನದಿಗೆ ಹಾರಿದ ಅರ್ಜುನವರ್ಮ ಆ ನೌಕೆಯವರಿಂದ ಬದುಕುಳಿಯುತ್ತಾನೆ. ಬಂಗಾಳದ ಕಮ್ಮಾರ ಬಲರಾಮ ಫಿರಂಗಿ ತಯಾರಿಕೆಯ ವಿದ್ಯೆಯನ್ನು ವಿಜಯನಗರಕ್ಕೆ ತರುತ್ತಾನೆ. ಹೊರಗಿನವರ ಕಣ್ಣಿನಿಂದ ರಾಜಧಾನಿಯನ್ನು ತೋರಿಸುವ ಈ ಕ್ರಮ ಪ್ರವಾಸಿ ಲೇಖಕರೊಬ್ಬರಿಗೆ ಸಹಜವಾದುದು.

ಕಾದಂಬರಿಯ ಕೇಂದ್ರ ಘಟನೆಗಳಲ್ಲಿ ಒಂದು ದೇವರಾಯನ ಹತ್ಯೆಯ ಯತ್ನ. 1443ರಲ್ಲಿ ವಿಜಯನಗರಕ್ಕೆ ಬಂದಿದ್ದ ಪರ್ಷಿಯನ್ ರಾಯಭಾರಿ ಅಬ್ದುರ್ ರಜಾಕ್, ಅರಸನ ಸಹೋದರನು ಹೊಸ ಮನೆಯ ಔತಣದ ನೆಪದಲ್ಲಿ ಪ್ರಮುಖರನ್ನು ಕರೆಸಿ ಕೊಲ್ಲಿಸಿದ, ಬಳಿಕ ಅರಸನ ಮೇಲೂ ಕೈಮಾಡಿದ ಸಂಗತಿಯನ್ನು ದಾಖಲಿಸಿದ್ದಾನೆ. ಇತಿಹಾಸಕಾರನಿಗೆ ಇದೊಂದು ರಾಜಕೀಯ ಪ್ರಕರಣ. ಬ್ಯೋಮಕೇಶನ ಕರ್ತೃವಿಗೆ ಇದು ಮನೆಯೊಳಗಿನ ಅಪರಾಧವೂ ಹೌದು: ಅಣ್ಣತಮ್ಮಂದಿರು, ಆಸ್ತಿಯಾಗಿ ರಾಜ್ಯ, ಬಲೆಯಾಗಿ ಔತಣ. ಇಲ್ಲಿ ಎರಡು ಪ್ರಕಾರಗಳ ಸಂಬಂಧ ನಿಚ್ಚಳವಾಗುತ್ತದೆ. ಪತ್ತೇದಾರಿ ಕಥೆಯಲ್ಲಿ ಕೃತ್ಯ ಮೊದಲೇ ನಡೆದುಹೋಗಿದೆ. ಉಳಿದಿರುವುದು ಕುರುಹು ಮಾತ್ರ. ಐತಿಹಾಸಿಕ ಕಾದಂಬರಿಯಲ್ಲಿ ಒಂದು ಕಾಲವೇ ನಡೆದುಹೋಗಿದೆ. ಉಳಿದಿರುವುದು ಶಾಸನ, ವರದಿ, ಪಾಳು ಗೋಡೆ. ಎರಡರಲ್ಲೂ ಲೇಖಕನ ಕೆಲಸ ಕುರುಹಿನಿಂದ ಬದುಕನ್ನು ಮರಳಿ ಕಟ್ಟುವುದು. ಇತಿಹಾಸದಲ್ಲಿ ಕಲ್ಪನೆಗೆ ಹೆಚ್ಚಿನ ಅವಕಾಶವನ್ನು ಶರದಿಂದು ಅವರು ತೆಗೆದುಕೊಂಡರೆಂಬುದು ನಿಜ. ಆದರೂ ದಾಖಲೆಯ ಅಂಚಿನಿಂದ ಆರಂಭಿಸುವ ವಿಧಾನದಲ್ಲಿ ಇಬ್ಬರು ಶರದಿಂದುಗಳಿಲ್ಲ.

1967ರ ವರ್ಷ ಈ ಎರಡೂ ಮುಖಗಳನ್ನು ಒಟ್ಟಿಗೆ ತಂದಿತು. 'ತುಂಗಭದ್ರಾರ್ ತೀರೇ' ರವೀಂದ್ರ ಪುರಸ್ಕಾರ ಪಡೆದ ವರ್ಷವೇ ಸತ್ಯಜಿತ್ ರಾಯ್ ಅವರ 'ಚಿಡಿಯಾಖಾನಾ' ಚಿತ್ರ ಬಿಡುಗಡೆಯಾಯಿತು. ಬ್ಯೋಮಕೇಶನ ಪಾತ್ರವನ್ನು ಉತ್ತಮ್ ಕುಮಾರ್ ವಹಿಸಿದ್ದರು. ಆ ಸಾಲಿನ ಶ್ರೇಷ್ಠ ನಿರ್ದೇಶನದ ರಾಷ್ಟ್ರಪ್ರಶಸ್ತಿ ರಾಯ್ ಅವರಿಗೆ ಸಂದಿತು. ಈ ಕೊನೆಯ ಘಟ್ಟದಲ್ಲಿ ಶರದಿಂದು ಅವರು ಅಜಿತನನ್ನು ನಿರೂಪಕನ ಸ್ಥಾನದಿಂದ ಇಳಿಸಿ, ಕಥೆಯನ್ನು ಪ್ರಥಮಪುರುಷದಲ್ಲಿ ತಾವೇ ಹೇಳತೊಡಗಿದರು. ಮೂರು ದಶಕಗಳ ರೂಢಿಯನ್ನು ಮುರಿಯುವ ಧೈರ್ಯ ಇಳಿವಯಸ್ಸಿನಲ್ಲೂ ಅವರಿಗಿತ್ತು. 1970ರ ಸೆಪ್ಟೆಂಬರ್ 22ರಂದು ಅವರು ನಿಧನರಾದಾಗ ಬ್ಯೋಮಕೇಶನ ಮೂವತ್ತೆರಡು ಕಥೆಗಳು ಪೂರ್ಣಗೊಂಡಿದ್ದವು; 'ವಿಶುಪಾಲ ವಧ' ಅಪೂರ್ಣವಾಗಿ ಉಳಿಯಿತು.

1993ರ ಧಾರಾವಾಹಿಯ ಯಶಸ್ಸನ್ನು ಈ ಹಿನ್ನೆಲೆಯಲ್ಲಿ ಅರ್ಥೈಸಬೇಕು. 'ರಜನೀಗಂಧಾ' (1974), 'ಛೋಟೀ ಸೀ ಬಾತ್' (1976) ಚಿತ್ರಗಳ ಮೂಲಕ ನಗರದ ಮಧ್ಯಮವರ್ಗದ ದಿನನಿತ್ಯವನ್ನು ಚಿತ್ರಿಸಿದ್ದ ಬಾಸು ಚಟರ್ಜಿ, ಶರದಿಂದು ಅವರಂತೆಯೇ ಬಂಗಾಳದ ಹೊರಗೆ ಬೆಳೆದು ಮುಂಬಯಿಯಲ್ಲಿ ದುಡಿದವರು. ರಜಿತ್ ಕಪೂರ್ ಬ್ಯೋಮಕೇಶನಾಗಿ, ಕೆ. ಕೆ. ರೈನಾ ಅಜಿತನಾಗಿ, ಸುಕನ್ಯಾ ಕುಲಕರ್ಣಿ ಸತ್ಯವತಿಯಾಗಿ ಅಭಿನಯಿಸಿದರು. ಬೆನ್ನಟ್ಟುವಿಕೆಯಾಗಲಿ ಹೊಡೆದಾಟವಾಗಲಿ ಇಲ್ಲಿ ಆಕರ್ಷಣೆಯಲ್ಲ. ಕೋಣೆಯಲ್ಲಿ ಕುಳಿತವರ ಮಾತು, ಆ ಮಾತಿನಲ್ಲಿ ಜಾರುವ ಒಂದು ಪದ, ಅದನ್ನು ಗಮನಿಸುವ ಕಣ್ಣು ಇವೇ ದೃಶ್ಯವನ್ನು ನಡೆಸುತ್ತವೆ. ಮೂಲದಲ್ಲೇ ಗೃಹಕೃತ್ಯವಾಗಿದ್ದ ಕಥನ ಮನೆಯ ಕಿರುತೆರೆಗೆ ಹೊಂದಿದ್ದು ಆಕಸ್ಮಿಕವಲ್ಲ. ಆದರೆ ರೂಪಾಂತರದಲ್ಲಿ ಕಳೆದುಹೋದುದೂ ಉಂಟು. ಗ್ರಾಂಥಿಕ ಬಂಗಾಳಿಯ ಗಾಂಭೀರ್ಯದಲ್ಲಿ ಸಾಗುವ ಅಜಿತನ ನಿರೂಪಣೆ, ಅದರೊಳಗಿನ ತೆಳುಹಾಸ್ಯ ಇವು ಹಿಂದಿ ಸಂಭಾಷಣೆಗೆ ಪೂರ್ತಿಯಾಗಿ ಇಳಿಯಲಾರವು. ಪ್ರೇಕ್ಷಕನಿಗೆ ಬ್ಯೋಮಕೇಶ ದೊರೆತ. ಶರದಿಂದು ಅವರ ಗದ್ಯ ದೊರೆಯಲಿಲ್ಲ.

2020ರ ಲಾಕ್‌ಡೌನ್ ಕಾಲದಲ್ಲಿ ದೂರದರ್ಶನ ಈ ಧಾರಾವಾಹಿಯನ್ನು ಮರುಪ್ರಸಾರ ಮಾಡಿದಾಗ ಹೊಸ ತಲೆಮಾರೊಂದು ಅದನ್ನು ನೋಡಿತು. ಜನಪ್ರಿಯತೆಯೊಂದೇ ಸಾಹಿತ್ಯಿಕ ಮೌಲ್ಯಕ್ಕೆ ಪ್ರಮಾಣವಾಗದು. ಜನಪ್ರಿಯತೆಯ ಕಾರಣಕ್ಕಾಗಿಯೇ ಒಂದು ಪ್ರಕಾರವನ್ನು ಪಠ್ಯದಿಂದ ಹೊರಗಿಡುವುದೂ ವಿಮರ್ಶೆಯಾಗದು. ತುಂಗಭದ್ರೆಯ ದಡದ ಅರಸನನ್ನೂ ಹ್ಯಾರಿಸನ್ ರಸ್ತೆಯ ಗೃಹಸ್ಥನನ್ನೂ ಚಿತ್ರಿಸಿದ್ದು ಒಂದೇ ಲೇಖನಿ. ಶರದಿಂದು ಅವರನ್ನು ಕುರಿತ ಅಧ್ಯಯನ ಈ ಎರಡು ದಡಗಳನ್ನೂ ಒಳಗೊಂಡಾಗಲೇ ಅವರು ತಮ್ಮ ನಾಯಕನಿಗೆ ಕೊಟ್ಟ ಹೆಸರು ಲೇಖಕರಿಗೂ ಸಲ್ಲುತ್ತದೆ ಎಂಬುದು ಮನದಟ್ಟಾಗುತ್ತದೆ.