ವಿಲಿಯಂ ಹೆನ್ರಿ ಸ್ಲೀಮನ್

ಸರ್ ವಿಲಿಯಂ ಹೆನ್ರಿ ಸ್ಲೀಮನ್ (8 ಆಗಸ್ಟ್ 1788 – 10 ಫೆಬ್ರವರಿ 1856) ಈಸ್ಟ್ ಇಂಡಿಯಾ ಕಂಪನಿಯ ಸೇನಾಧಿಕಾರಿ ಹಾಗೂ ಆಡಳಿತಗಾರ. ದಾರಿಹೋಕರ ಸ್ನೇಹ ಬೆಳೆಸಿ, ಕೊರಳಿಗೆ ವಸ್ತ್ರ ಬಿಗಿದು ಕೊಂದು ದೋಚುತ್ತಿದ್ದ ಠಗ್ಗರ ತಂಡಗಳನ್ನು ಪತ್ತೆಹಚ್ಚಿ ಅಡಗಿಸಿದ ಕಾರ್ಯಾಚರಣೆಯ ಮುಖ್ಯಸ್ಥನಾಗಿ ಈತ ಪ್ರಸಿದ್ಧ. ಈತ ಕಟ್ಟಿದ ಇಲಾಖೆಯು ಕಂಪನಿಯ ಪ್ರಾಂತಗಳಲ್ಲಿ ಮಾತ್ರವಲ್ಲದೆ ದೇಶೀಯ ಸಂಸ್ಥಾನಗಳಲ್ಲೂ ಅಪರಾಧಿಗಳನ್ನು ಬೆನ್ನಟ್ಟುವ ಅಧಿಕಾರ ಪಡೆದಿತ್ತು. ಆಧುನಿಕ ಭಾರತದಲ್ಲಿ ಗಡಿಗಳನ್ನು ಮೀರಿ ಕೆಲಸ ಮಾಡಿದ ಮೊದಲ ಕೇಂದ್ರೀಯ ಅಪರಾಧ ತನಿಖಾ ವ್ಯವಸ್ಥೆ ಎಂದು ಇದನ್ನು ಪರಿಗಣಿಸಬಹುದು. ಅದರ ತನಿಖಾಕ್ರಮ ಎಷ್ಟು ಪರಿಣಾಮಕಾರಿಯಾಗಿತ್ತೋ ಅಷ್ಟೇ ವಿವಾದಾಸ್ಪದವೂ ಆಗಿದೆ.

ಆರಂಭಿಕ ಜೀವನ

ಸ್ಲೀಮನ್ ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರದೇಶದ ಸ್ಟ್ರಾಟನ್ ಎಂಬಲ್ಲಿ ಜನಿಸಿದ. ತಂದೆ ಫಿಲಿಪ್ ಸ್ಲೀಮನ್ ಅಬಕಾರಿ ಇಲಾಖೆಯ ಮೇಲ್ವಿಚಾರಕ. 1809ರಲ್ಲಿ ಬಂಗಾಳ ಸೈನ್ಯಕ್ಕೆ ಸೇರಿ ಭಾರತಕ್ಕೆ ಬಂದ ಈತ 1814–16ರ ನೇಪಾಳ ಯುದ್ಧದಲ್ಲಿ ಭಾಗವಹಿಸಿದ. ಭಾಷೆಗಳನ್ನು ಕಲಿಯುವ ಆಸಕ್ತಿ ಈತನಿಗೆ ಮೊದಲಿನಿಂದಲೂ ಇತ್ತು. ಮುಂದೆ ಕೈದಿಗಳ ಮಾತನ್ನು ನೇರವಾಗಿ ಕೇಳಿ ತಿಳಿಯಲು ಇದು ನೆರವಾಯಿತು.

1820ರಲ್ಲಿ ಸೈನ್ಯದಿಂದ ನಾಗರಿಕ ಸೇವೆಗೆ ನಿಯುಕ್ತನಾಗಿ ಸಾಗರ್–ನರ್ಮದಾ ಪ್ರದೇಶದಲ್ಲಿ ಗವರ್ನರ್ ಜನರಲ್‌ನ ಪ್ರತಿನಿಧಿಯ ಸಹಾಯಕನಾದ. (ಈ ಸಾಗರ್ ಇಂದಿನ ಮಧ್ಯಪ್ರದೇಶದ ಊರು, ಶಿವಮೊಗ್ಗ ಜಿಲ್ಲೆಯ ಸಾಗರವಲ್ಲ.) 1822ರಿಂದ 1824ರವರೆಗೆ ನರಸಿಂಗಪುರದ ಮ್ಯಾಜಿಸ್ಟ್ರೇಟನಾಗಿದ್ದ. ಜಿಲ್ಲೆಯಲ್ಲಿ ನಡೆಯುವ ಪ್ರತಿಯೊಂದು ಕಳವು, ದರೋಡೆಯ ವಿಷಯವೂ ತನಗೆ ಗೊತ್ತಿದೆ ಎಂದೇ ಆಗ ಭಾವಿಸಿದ್ದ. ಆದರೆ ತನ್ನ ಕಚೇರಿಯಿಂದ ನಾನೂರು ಗಜವೂ ದೂರವಿಲ್ಲದ ಕಂದೇಲಿ ಗ್ರಾಮದಲ್ಲಿ ಠಗ್ಗರ ತಂಡವೊಂದು ವಾಸವಾಗಿತ್ತೆಂದೂ, ಒಂದು ದಿನದ ಪ್ರಯಾಣದಷ್ಟು ದೂರದ ಮಂದೇಸುರದ ತೋಪು ದೇಶದ ಅತಿದೊಡ್ಡ ಕೊಲೆಸ್ಥಳಗಳಲ್ಲಿ ಒಂದಾಗಿತ್ತೆಂದೂ ಹಲವು ವರ್ಷಗಳ ಬಳಿಕ ಬಂಧಿತರ ಬಾಯಿಂದಲೇ ತಿಳಿಯಿತು. ಇದನ್ನು ಸ್ಲೀಮನ್ ತನ್ನ ಗ್ರಂಥದಲ್ಲಿ ತಾನೇ ದಾಖಲಿಸಿದ್ದಾನೆ.

1828ರಲ್ಲಿ ಜಬಲ್ಪುರ ಜಿಲ್ಲೆಯ ಆಡಳಿತ ಈತನ ಕೈಗೆ ಬಂದಿತು. ಮರುವರ್ಷ ಮಾರಿಷಸ್‌ನ ಫ್ರೆಂಚ್ ಕಬ್ಬು ಬೆಳೆಗಾರನೊಬ್ಬನ ಮಗಳಾದ ಅಮೇಲಿ ಜೋಸೆಫಿನ್ ದ ಫಾಂತೇನ್ ಎಂಬಾಕೆಯನ್ನು ವಿವಾಹವಾದ.

ಪತ್ತೆಯಾಗದ ಅಪರಾಧ

ಠಗ್ ಎಂಬುದು ಹಿಂದಿಯಲ್ಲಿ ಮೋಸಗಾರ ಎಂಬರ್ಥದ ಪದ. ಕನ್ನಡದ ಠಕ್ಕ ಎಂಬ ಮಾತಿಗೆ ಹತ್ತಿರದ್ದು. ದಕ್ಷಿಣದಲ್ಲಿ ಇಂಥವರನ್ನು ಫಾಂಸಿಗಾರರೆಂದೂ, ಕನ್ನಡದಲ್ಲಿ ತಂತಿ ಕಳ್ಳರೆಂದೂ ಕರೆಯುತ್ತಿದ್ದರು. ಮದರಾಸಿನಲ್ಲಿ ವೈದ್ಯನಾಗಿದ್ದ ರಿಚರ್ಡ್ ಶೆರ್ವುಡ್ 1816ರ ತನ್ನ ಲೇಖನದಲ್ಲಿ ಈ ಕನ್ನಡ ಹೆಸರನ್ನು ಬರೆದಿಟ್ಟಿದ್ದಾನೆ. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಬಳಿಕ ಬೆಂಗಳೂರಿನ ಸುತ್ತಮುತ್ತ ಇಂಥ ಸುಮಾರು ನೂರು ಮಂದಿಯನ್ನು ಹಿಡಿಯಲಾಗಿತ್ತು. 1807ರಲ್ಲಿ ಚಿತ್ತೂರು ಮತ್ತು ಆರ್ಕಾಟುಗಳ ನಡುವೆ ಇನ್ನೊಂದು ತಂಡ ಸಿಕ್ಕಿಬಿದ್ದಿತು. ಚಿತ್ತೂರಿನ ಮ್ಯಾಜಿಸ್ಟ್ರೇಟನಾಗಿದ್ದ ವಿಲಿಯಂ ರೈಟ್ ಬಂಧಿತರಲ್ಲಿ ಕೆಲವರಿಗೆ ಕ್ಷಮಾದಾನ ನೀಡಿ ಅವರಿಂದಲೇ ಉಳಿದವರ ಮಾಹಿತಿ ಪಡೆಯುವ ಪ್ರಯತ್ನ ಮಾಡಿದ್ದ. ಆದ್ದರಿಂದ ಠಗ್ಗರನ್ನು ಸ್ಲೀಮನ್ ಕಂಡುಹಿಡಿದ ಎಂಬ ಜನಪ್ರಿಯ ಹೇಳಿಕೆ ಸರಿಯಲ್ಲ. ದಕ್ಷಿಣದಲ್ಲಿ ಮೊದಲೇ ಗೊತ್ತಿದ್ದ ಸಂಗತಿಯನ್ನು ದೇಶವ್ಯಾಪಿ ತನಿಖೆಯಾಗಿ ಬೆಳೆಸಿದ್ದು ಆತನ ಸಾಧನೆ.

ಈ ಅಪರಾಧ ಪತ್ತೆಯಾಗದೆ ಉಳಿದದ್ದಕ್ಕೆ ಕಾರಣಗಳಿದ್ದವು. ಕೊಲೆಯಾದವನು ತನ್ನ ಊರಿನಿಂದ ಬಹುದೂರ ಬಂದ ಪ್ರಯಾಣಿಕ. ಅವನು ಮರಳಿ ಬಾರದಿರುವುದು ಮನೆಯವರಿಗೆ ಅರಿವಾಗುವ ಹೊತ್ತಿಗೆ ತಿಂಗಳುಗಳೇ ಕಳೆದಿರುತ್ತಿದ್ದವು. ಕೊಂದವರೂ ತಮ್ಮ ಊರಿನ ಹತ್ತಿರ ಕೊಲ್ಲುತ್ತಿರಲಿಲ್ಲ. ಶವವನ್ನು ಹೂಳುತ್ತಿದ್ದರು, ಮಾಲನ್ನು ಬೇರೆ ರಾಜ್ಯದಲ್ಲಿ ಮಾರುತ್ತಿದ್ದರು. ಊರಿನಲ್ಲಿ ಅವರು ಸಾಮಾನ್ಯ ರೈತರಂತೆ ಬಾಳುತ್ತ, ಸ್ಥಳೀಯ ಜಮೀನ್ದಾರನಿಗೆ ಪಾಲು ಸಲ್ಲಿಸಿ ಆಶ್ರಯ ಪಡೆಯುತ್ತಿದ್ದರು.

ಎಲ್ಲಕ್ಕಿಂತ ದೊಡ್ಡ ತೊಡಕು ಆಡಳಿತದ ಗಡಿಗಳದು. ಅಂದಿನ ಕನ್ನಡ ನಾಡನ್ನೇ ಉದಾಹರಣೆಯಾಗಿ ನೋಡಬಹುದು. ಧಾರವಾಡ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಶಿರಸಿ, ಸಿದ್ದಾಪುರ, ಯಲ್ಲಾಪುರಗಳನ್ನು ಒಳಗೊಂಡ ಕೆನರಾ ಮದರಾಸು ಪ್ರಾಂತದಲ್ಲಿತ್ತು (ಉತ್ತರ ಕನ್ನಡ ಮುಂಬಯಿಗೆ ವರ್ಗವಾದದ್ದು 1862ರಲ್ಲಿ). ರಾಯಚೂರು, ಕಲಬುರಗಿಗಳು ನಿಜಾಮನ ಆಳ್ವಿಕೆಯಲ್ಲಿದ್ದವು. ಧಾರವಾಡದಿಂದ ಯಲ್ಲಾಪುರಕ್ಕೆ ಬಂದವನು ಒಂದು ಪ್ರಾಂತದಿಂದ ಇನ್ನೊಂದಕ್ಕೆ ದಾಟಿರುತ್ತಿದ್ದ. ಶಿರಸಿಯಿಂದ ಸಿದ್ದಾಪುರದ ಮೂಲಕ ದಕ್ಷಿಣಕ್ಕೆ ಹೊರಟವನು ಮೈಸೂರು ಸಂಸ್ಥಾನವನ್ನು ಪ್ರವೇಶಿಸುತ್ತಿದ್ದ. ಎರಡು ಮೂರು ದಿನಗಳ ನಡಿಗೆಯಲ್ಲಿ ಮೂರು ಆಡಳಿತಗಳು. ಒಂದು ಜಿಲ್ಲೆಯ ಮ್ಯಾಜಿಸ್ಟ್ರೇಟನ ಅಧಿಕಾರ ಗಡಿಯ ಕಲ್ಲಿನ ಬಳಿ ಮುಗಿಯುತ್ತಿತ್ತು. ಕೊಲೆಗಾರನ ದಾರಿ ಅಲ್ಲಿ ಮುಗಿಯುತ್ತಿರಲಿಲ್ಲ. ಮಧ್ಯ ಭಾರತದಲ್ಲಿ ಸಣ್ಣ ಸಂಸ್ಥಾನಗಳು ಹೆಚ್ಚಾಗಿದ್ದುದರಿಂದ ಅಲ್ಲಿ ಈ ತೊಡಕು ಇನ್ನೂ ಹೆಚ್ಚಾಗಿತ್ತು.

ತನಿಖಾ ತಂಡ ಮತ್ತು ವಿಧಾನ

ಗವರ್ನರ್ ಜನರಲ್ ವಿಲಿಯಂ ಬೆಂಟಿಂಕ್‌ನ ಬೆಂಬಲ ಹಾಗೂ ಸಾಗರ್‌ನಲ್ಲಿ ಪ್ರತಿನಿಧಿಯಾಗಿದ್ದ ಫ್ರಾನ್ಸಿಸ್ ಕರ್ವೆನ್ ಸ್ಮಿತ್‌ನ ಸಹಕಾರದಿಂದ ಕಾರ್ಯಾಚರಣೆ 1830ರ ಸುಮಾರಿಗೆ ವ್ಯವಸ್ಥಿತವಾಗಿ ಆರಂಭಗೊಂಡಿತು. ಸ್ಲೀಮನ್ ಹಿಡಿಸಿದ ಆರೋಪಿಗಳ ವಿಚಾರಣೆಯನ್ನು ಸ್ಮಿತ್ ನಡೆಸುತ್ತಿದ್ದ. ಅದೇ ವರ್ಷ ಕಲ್ಕತ್ತದ ಪತ್ರಿಕೆಯೊಂದರಲ್ಲಿ ಠಗ್ಗರ ಬಗ್ಗೆ ಸರ್ಕಾರದ ಗಮನ ಸೆಳೆಯುವ ಹೆಸರಿಲ್ಲದ ಪತ್ರವೊಂದು ಪ್ರಕಟವಾಯಿತು. ಅದನ್ನು ಬರೆದವನು ಸ್ಲೀಮನ್ನನೇ.

ಈ ತನಿಖೆಯ ಮುಖ್ಯ ಆಧಾರ ಮಾಫಿ ಸಾಕ್ಷಿಗಳು. ಸಿಕ್ಕಿಬಿದ್ದವನು ತಾನು ಮಾಡಿದ ಎಲ್ಲ ಕೊಲೆಗಳನ್ನೂ ಜೊತೆಗಾರರ ಹೆಸರುಗಳನ್ನೂ ಹೇಳಿದರೆ ಅವನಿಗೆ ಗಲ್ಲು ತಪ್ಪುತ್ತಿತ್ತು, ಬಿಡುಗಡೆ ಮಾತ್ರ ಸಿಗುತ್ತಿರಲಿಲ್ಲ. ಬೇರೆ ಬೇರೆ ಸೆರೆಮನೆಗಳಲ್ಲಿದ್ದ ಸಾಕ್ಷಿಗಳ ಹೇಳಿಕೆಗಳನ್ನು ಪ್ರತ್ಯೇಕವಾಗಿ ಬರೆದುಕೊಂಡು ಒಂದಕ್ಕೊಂದು ತಾಳೆ ನೋಡಲಾಗುತ್ತಿತ್ತು. ಠಗ್ಗರ ಕುಟುಂಬಗಳ ವಂಶಾವಳಿಗಳನ್ನು ರಚಿಸಲಾಯಿತು. ಕೊಲೆಸ್ಥಳಗಳನ್ನು ನಕ್ಷೆಗಳಲ್ಲಿ ಗುರುತಿಸಲಾಯಿತು. ನಂತರ ಸಾಕ್ಷಿಗಳನ್ನು ಸಿಪಾಯಿಗಳ ಕಾವಲಿನಲ್ಲಿ ದೂರದ ಊರುಗಳಿಗೆ ಕಳುಹಿಸಿ ಹೆಸರಿಸಿದವರನ್ನು ಗುರುತು ಹಿಡಿಸಲಾಗುತ್ತಿತ್ತು. ಬೆರಳಚ್ಚಾಗಲಿ ಛಾಯಾಚಿತ್ರವಾಗಲಿ ಇಲ್ಲದ ಕಾಲದಲ್ಲಿ ಇಂಥ ಕೇಂದ್ರೀಯ ದಾಖಲೆ ಹೊಸದಾಗಿತ್ತು.

ಸಾಕ್ಷಿಗಳಲ್ಲಿ ಹೆಚ್ಚು ಪ್ರಸಿದ್ಧನಾದವನು ಫಿರಂಗಿಯಾ ಎಂಬ ತಂಡದ ನಾಯಕ. ಈತ ಹಲವು ಬಾರಿ ತಪ್ಪಿಸಿಕೊಂಡಾಗ ಸ್ಲೀಮನ್ ಅವನ ತಾಯಿ, ಹೆಂಡತಿ ಮತ್ತು ಮಗುವನ್ನು ವಶಕ್ಕೆ ತೆಗೆದುಕೊಂಡ. ಅವರಿಂದ ದೂರ ಹೋಗಲಾರದೆ ಸುತ್ತಮುತ್ತಲೇ ಸುಳಿದಾಡಿದ ಫಿರಂಗಿಯಾ 1830ರ ಕೊನೆಯ ಹೊತ್ತಿಗೆ ಸಿಕ್ಕಿಬಿದ್ದ. ಮಾವಿನ ತೋಪೊಂದರಲ್ಲಿ ಸ್ಲೀಮನ್ ಪತ್ನಿಯೊಡನೆ ಡೇರೆ ಹೂಡಿದ್ದಾಗ, ಅದೇ ನೆಲದಡಿ ಶವಗಳಿವೆಯೆಂದು ಆತ ತೋರಿಸಿದ. ಅಗೆಸಿ ನೋಡಿದಾಗ ಅವನ ಮಾತು ನಿಜವಾಗಿತ್ತು. ಕೈದಿಗಳ ಹೇಳಿಕೆಗಳು ಬರಿಯ ಕಟ್ಟುಕತೆಗಳಲ್ಲ ಎಂಬುದಕ್ಕೆ ಇಂಥ ಅಸ್ಥಿಪಂಜರಗಳೇ ಗಟ್ಟಿ ಆಧಾರವಾದವು.

1835ರಲ್ಲಿ ಸ್ಲೀಮನ್ ಠಗ್ಗರ ದಮನ ಕಾರ್ಯದ ಸೂಪರಿಂಟೆಂಡೆಂಟನಾದ. 1839ರಲ್ಲಿ ದರೋಡೆಯ ತನಿಖೆಯೂ ಸೇರಿ ಠಗ್ಗಿ ಮತ್ತು ಡಕಾಯಿತಿ ದಮನದ ಕಮಿಷನರ್ ಎಂಬ ಹುದ್ದೆ ಈತನದಾಯಿತು. ಕೈಕೆಳಗಿನ ಅಧಿಕಾರಿಗಳು ಬೇರೆ ಬೇರೆ ಪ್ರದೇಶಗಳಲ್ಲಿದ್ದುಕೊಂಡು ಒಂದೇ ದಾಖಲೆಯ ಆಧಾರದಲ್ಲಿ ಕೆಲಸ ಮಾಡುತ್ತಿದ್ದರು. ಹೈದರಾಬಾದ್ ಮತ್ತು ದಖ್ಖನಿನ ಹೊಣೆ ಕ್ಯಾಪ್ಟನ್ ರೆನಾಲ್ಡ್ಸ್‌ನದು. ಸಂಸ್ಥಾನಗಳ ಅರಸರಲ್ಲಿ ಕೆಲವರು ಇದನ್ನು ತಮ್ಮ ಅಧಿಕಾರದಲ್ಲಿ ಹಸ್ತಕ್ಷೇಪವೆಂದು ಭಾವಿಸಿ ವಿರೋಧಿಸಿದರೂ ರೆಸಿಡೆಂಟರ ಒತ್ತಡದಿಂದ ಒಪ್ಪಬೇಕಾಯಿತು.

ಸ್ಲೀಮನ್ ಠಗ್ಗರ ಗುಪ್ತಭಾಷೆಯ ಪದಕೋಶವನ್ನು ಸಂಗ್ರಹಿಸಿ 1836ರಲ್ಲಿ ಕಲ್ಕತ್ತದಲ್ಲಿ ರಾಮಸೀಯಾನಾ ಎಂಬ ಹೆಸರಿನಿಂದ ಪ್ರಕಟಿಸಿದ. ಆಮಿಷವೊಡ್ಡಿ ಪ್ರಯಾಣಿಕನನ್ನು ಕರೆತರುವವನಿಗೆ ಸೋಥಾ, ಕೊರಳು ಬಿಗಿಯುವವನಿಗೆ ಭುರ್ತೋತ್, ಗುಂಡಿ ತೋಡುವವನಿಗೆ ಲುಘಾ, ಕೊಲ್ಲಲು ಆಯ್ದ ಸ್ಥಳಕ್ಕೆ ಬೇಲ್ ಮೊದಲಾದ ಪದಗಳು ಇದರಲ್ಲಿವೆ. ತಂಬಾಕು ತರಲು ಹೇಳುವಂಥ ತೀರ ಸಾಮಾನ್ಯವಾದ ಮಾತೇ ಕೊಲೆಯ ಸಂಕೇತವಾಗಿರುತ್ತಿತ್ತು.

ಕಾನೂನು ಮತ್ತು ಟೀಕೆ

1836ರ 30ನೆಯ ಕಾಯಿದೆ ಈ ಕಾರ್ಯಾಚರಣೆಗೆ ಶಾಸನಬಲ ನೀಡಿತು. ಅದರಂತೆ, ಯಾವುದೇ ಕಾಲದಲ್ಲಿ, ಕಂಪನಿಯ ಆಳ್ವಿಕೆಯ ಒಳಗಾಗಲಿ ಹೊರಗಾಗಲಿ, ಠಗ್ಗರ ತಂಡಕ್ಕೆ ಸೇರಿದ್ದನೆಂದು ಸಾಬೀತಾದವನಿಗೆ ಜೀವಾವಧಿ ಕಠಿಣ ಸೆರೆವಾಸ ವಿಧಿಸಬಹುದಾಗಿತ್ತು. ಅವನು ನಿರ್ದಿಷ್ಟವಾಗಿ ಯಾರನ್ನು, ಎಂದು, ಎಲ್ಲಿ ಕೊಂದ ಎಂಬುದನ್ನು ಸಾಬೀತುಪಡಿಸಬೇಕಾಗಿರಲಿಲ್ಲ. ಕಾಯಿದೆ ಜಾರಿಯಾಗುವುದಕ್ಕೆ ಹಿಂದಿನ ಕೃತ್ಯಗಳಿಗೂ ಅದು ಅನ್ವಯಿಸುತ್ತಿತ್ತು. ಆರೋಪಿಗಳ ಪರ ವಕೀಲರಿರಲಿಲ್ಲ. 1400ಕ್ಕೂ ಹೆಚ್ಚು ಮಂದಿ ಗಲ್ಲಿಗೇರಿದರು ಅಥವಾ ಜೀವಾವಧಿ ಗಡೀಪಾರಾದರು. ಹಲವರ ಹಣೆಯ ಮೇಲೆ ಅಪರಾಧದ ಹಚ್ಚೆ ಹಾಕಲಾಯಿತು.

ತನ್ನ ಕೊರಳು ಉಳಿಸಿಕೊಳ್ಳಲು ಇನ್ನೊಬ್ಬನನ್ನು ಹೆಸರಿಸಬೇಕಾದವನ ಮಾತನ್ನು ಎಷ್ಟು ನಂಬಬಹುದು ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಹೇಳಿಕೆಗಳನ್ನು ತಾಳೆ ನೋಡುವ ಕ್ರಮವಿದ್ದರೂ ಹಳೆಯ ದ್ವೇಷದಿಂದ ಹೆಸರಿಸಲ್ಪಟ್ಟ ನಿರಪರಾಧಿಗೆ ರಕ್ಷಣೆ ಕಡಿಮೆ ಇತ್ತು. ಠಗ್ಗರು ಕಾಳಿಗೆ ನರಬಲಿ ಕೊಡುವ ಧಾರ್ಮಿಕ ಪಂಥದವರೆಂಬ ಸ್ಲೀಮನ್‌ನ ಚಿತ್ರಣವನ್ನು ಇಂದಿನ ಇತಿಹಾಸಕಾರರು ಒಪ್ಪುವುದಿಲ್ಲ. ಬಂಧಿತರಲ್ಲಿ ಹಿಂದೂಗಳಂತೆ ಮುಸ್ಲಿಮರೂ ಅನೇಕರಿದ್ದರು. ದೋಚುವಿಕೆಯೇ ಅವರ ಉದ್ದೇಶವಾಗಿತ್ತು. ಸ್ಟೂವರ್ಟ್ ಗಾರ್ಡನ್, ರಾಧಿಕಾ ಸಿಂಘ, ಕಿಮ್ ವ್ಯಾಗ್ನರ್ ಮೊದಲಾದವರು ಯುದ್ಧಗಳ ನಂತರದ ನಿರುದ್ಯೋಗ, ಸ್ಥಳೀಯ ಪಾಳೆಯಗಾರರ ಆಶ್ರಯ, ಕಂಪನಿಯ ಅಧಿಕಾರ ವಿಸ್ತರಣೆ ಇವುಗಳ ಹಿನ್ನೆಲೆಯಲ್ಲಿ ವಿಷಯವನ್ನು ವಿಶ್ಲೇಷಿಸಿದ್ದಾರೆ. ಕೊಲೆಗಳೇ ನಡೆದಿರಲಿಲ್ಲ ಎಂಬ ಇನ್ನೊಂದು ತುದಿಯ ವಾದವೂ ನಿಲ್ಲುವುದಿಲ್ಲ. ಸ್ಲೀಮನ್‌ನ ಮೊಮ್ಮಗ ಜೇಮ್ಸ್ ಸ್ಲೀಮನ್ 1933ರಲ್ಲಿ ಬರೆದ ಪುಸ್ತಕದ ಶೀರ್ಷಿಕೆ ಹತ್ತು ಲಕ್ಷ ಕೊಲೆಗಳ ಮಾತನ್ನಾಡುತ್ತದೆ. ಆ ಸಂಖ್ಯೆಗೆ ದಾಖಲೆಯ ಆಧಾರವಿಲ್ಲ.

ಒಂದು ಗುಂಪಿಗೆ ಸೇರಿರುವುದೇ ಅಪರಾಧ ಎಂಬ ಕಲ್ಪನೆ ಠಗ್ಗರೊಂದಿಗೆ ಮುಗಿಯಲಿಲ್ಲ. ಅದು 1871ರ ಕ್ರಿಮಿನಲ್ ಟ್ರೈಬ್ಸ್ ಕಾಯಿದೆಯಲ್ಲಿ ಇಡೀ ಸಮುದಾಯಗಳ ಮೇಲೆ ಎರಗಿತು. ಕರ್ನಾಟಕದಲ್ಲಿ ಕೊರಚರೇ ಮೊದಲಾದ ಅಲೆಮಾರಿ ಸಮುದಾಯಗಳು ಇದರಿಂದ ನೊಂದವು. ಹುಬ್ಬಳ್ಳಿ, ಗದಗ, ವಿಜಯಪುರಗಳಲ್ಲಿ ಇಂಥವರನ್ನು ಕಾವಲಿನಲ್ಲಿಡುವ ಸೆಟ್ಲಮೆಂಟುಗಳಿದ್ದವು. ಈ ಕಾಯಿದೆ ರದ್ದಾದದ್ದು 1952ರಲ್ಲಿ.

ಮೆಡೋಸ್ ಟೇಲರ್ ಮತ್ತು ಕರ್ನಾಟಕ

ಸುರಪುರದ ಇತಿಹಾಸದಿಂದ ಕನ್ನಡಿಗರಿಗೆ ಪರಿಚಿತನಾದ ಫಿಲಿಪ್ ಮೆಡೋಸ್ ಟೇಲರ್ ಕೂಡ ಈ ತನಿಖೆಯೊಡನೆ ಸಂಬಂಧ ಹೊಂದಿದ್ದ. ನಿಜಾಮನ ರಾಜ್ಯದ ನೈರುತ್ಯ ಭಾಗದಲ್ಲಿ ಪೊಲೀಸ್ ಅಧಿಕಾರಿಯಾಗಿದ್ದಾಗ ಸಂಶಯಾಸ್ಪದ ಕೊಲೆಗಳ ಜಾಡು ಹಿಡಿದಿದ್ದ ಈತನನ್ನು 1829ರಲ್ಲಿ ಸೈನ್ಯಕ್ಕೆ ಹಿಂದೆ ಕರೆಸಿಕೊಳ್ಳಲಾಯಿತು. ಇಲ್ಲದಿದ್ದರೆ ಸ್ಲೀಮನ್‌ಗಿಂತ ಮೊದಲೇ ಈ ಜಾಲವನ್ನು ಬಯಲಿಗೆಳೆಯಬಹುದಿತ್ತೆಂಬ ಕೊರಗನ್ನು ಆತ್ಮಕಥೆಯಲ್ಲಿ ತೋಡಿಕೊಂಡಿದ್ದಾನೆ. ಮುಂದೆ ಮಾಫಿ ಸಾಕ್ಷಿಗಳ ಹೇಳಿಕೆಗಳನ್ನು ಕೇಳಿ ಬರೆದುಕೊಂಡ ಅನುಭವದಿಂದ ಈತ ರಚಿಸಿದ, ಠಗ್ಗನೊಬ್ಬನ ತಪ್ಪೊಪ್ಪಿಗೆಯ ರೂಪದ ಕಾದಂಬರಿ 1839ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಗಿ ಬಹು ಜನಪ್ರಿಯವಾಯಿತು. ಎರಡು ವರ್ಷಗಳ ಬಳಿಕ ಟೇಲರ್ ಸುರಪುರಕ್ಕೆ ಬಂದ.

ಕೊನೆಯ ವರ್ಷಗಳು

ಸ್ಲೀಮನ್ 1843ರಿಂದ 1849ರವರೆಗೆ ಗ್ವಾಲಿಯರ್‌ನಲ್ಲಿಯೂ 1849ರಿಂದ 1856ರವರೆಗೆ ಲಖನೌದಲ್ಲಿಯೂ ರೆಸಿಡೆಂಟನಾಗಿದ್ದ. ಲಖನೌದಲ್ಲಿದ್ದಾಗ ಈತನ ಕೊಲೆಗೆ ಪ್ರಯತ್ನಗಳು ನಡೆದವು. ಅವಧದ ಆಡಳಿತವನ್ನು ವರದಿಗಳಲ್ಲಿ ಕಟುವಾಗಿ ಟೀಕಿಸಿದರೂ, ಆ ರಾಜ್ಯವನ್ನು ಕಂಪನಿಯು ಕಬಳಿಸುವುದನ್ನು ವಿರೋಧಿಸಿದ. ಹಾಗೆ ಮಾಡಿದರೆ ಸಿಪಾಯಿಗಳ ನಿಷ್ಠೆ ಕದಡೀತೆಂದು ಎಚ್ಚರಿಸಿದ. ಗವರ್ನರ್ ಜನರಲ್ ಡಾಲ್‌ಹೌಸಿ ಈತನ ವರದಿಗಳನ್ನೇ ಆಧಾರ ಮಾಡಿಕೊಂಡು, ಎಚ್ಚರಿಕೆಯನ್ನು ಬದಿಗೊತ್ತಿ, 1856ರ ಫೆಬ್ರವರಿಯಲ್ಲಿ ಅವಧವನ್ನು ಸೇರಿಸಿಕೊಂಡ. ಮರುವರ್ಷ ಸಿಪಾಯಿ ದಂಗೆ ಎದ್ದಿತು.

ಅದನ್ನು ನೋಡಲು ಸ್ಲೀಮನ್ ಇರಲಿಲ್ಲ. ಅನಾರೋಗ್ಯದಿಂದ ಸ್ವದೇಶಕ್ಕೆ ಹೊರಟವನು ಸಿಂಹಳದ ಸಮೀಪ ಹಡಗಿನಲ್ಲೇ ಮೃತಪಟ್ಟ. ದೇಹವನ್ನು ಸಮುದ್ರಕ್ಕೆ ಅರ್ಪಿಸಲಾಯಿತು. ನೈಟ್ ಪದವಿ ಘೋಷಣೆಯಾಗಿ ಕೆಲವೇ ದಿನಗಳಾಗಿದ್ದವು.

ಇತರ ಸಂಗತಿಗಳು

ಜಬಲ್ಪುರದ ಬಳಿ 1828ರಲ್ಲಿ ಸ್ಲೀಮನ್‌ಗೆ ಸಿಕ್ಕ ಪಳೆಯುಳಿಕೆಗಳು ಭಾರತದಲ್ಲಿ ದೊರೆತ ಮೊದಲ ಡೈನೋಸಾರ್ ಮೂಳೆಗಳೆಂದು ಮುಂದೆ ಗುರುತಿಸಲ್ಪಟ್ಟವು. 1877ರಲ್ಲಿ ಲಿಡೆಕರ್ ಇವುಗಳಿಗೆ ಟೈಟನೋಸಾರಸ್ ಇಂಡಿಕಸ್ ಎಂದು ಹೆಸರಿಟ್ಟ. ತೋಳಗಳು ಸಾಕಿದವೆನ್ನಲಾದ ಮಕ್ಕಳ ಬಗ್ಗೆ ಈತ ಬರೆದ ಕಿರುಪುಸ್ತಕ 1852ರಲ್ಲಿ ಪ್ರಕಟವಾಯಿತು. ಜಬಲ್ಪುರದಲ್ಲಿ ಮಾಫಿ ಸಾಕ್ಷಿಗಳು ಮತ್ತು ಅವರ ಕುಟುಂಬಗಳಿಗಾಗಿ ಸ್ಥಾಪಿಸಿದ ಕೈಗಾರಿಕಾ ಶಾಲೆಯಲ್ಲಿ ಡೇರೆ ಮತ್ತು ರತ್ನಗಂಬಳಿಗಳನ್ನು ತಯಾರಿಸಲಾಗುತ್ತಿತ್ತು. ಮಧ್ಯಪ್ರದೇಶದ ಕಟ್ನಿ ಜಿಲ್ಲೆಯ ಸ್ಲೀಮನಾಬಾದ್ ಎಂಬ ಊರು ಈತನ ಹೆಸರನ್ನು ಹೊತ್ತಿದೆ.

ಠಗ್ಗಿ ಮತ್ತು ಡಕಾಯಿತಿ ಇಲಾಖೆಯನ್ನು 1904ರಲ್ಲಿ ವಿಸರ್ಜಿಸಿ ಅದರ ಸ್ಥಾನದಲ್ಲಿ ಕೇಂದ್ರೀಯ ಅಪರಾಧ ಗುಪ್ತಚರ ಇಲಾಖೆಯನ್ನು ರಚಿಸಲಾಯಿತು. ಇಂದಿನ ಇಂಟೆಲಿಜೆನ್ಸ್ ಬ್ಯೂರೋ ಇದರಿಂದ ಬೆಳೆದದ್ದು. ಕೇಂದ್ರೀಯ ತನಿಖಾ ದಳದ (ಸಿಬಿಐ) ಮೂಲ ಬೇರೆ. ಅದು ಎರಡನೆಯ ಮಹಾಯುದ್ಧದ ಕಾಲದಲ್ಲಿ, 1941ರಲ್ಲಿ, ಲಂಚದ ಪ್ರಕರಣಗಳ ತನಿಖೆಗಾಗಿ ಹುಟ್ಟಿದ ವಿಶೇಷ ಪೊಲೀಸ್ ಪಡೆಯಿಂದ ರೂಪುಗೊಂಡಿತು.